ಹೆಸರಿಲ್ಲದ ಐಸ್‌ಕ್ರೀಮ್

"ಇಷ್ಟು ಚಳಿಯಲ್ಲಿಟ್ಟರೆ ಲಸಿಕೆ ಕೆಟ್ಟೇ ಹೋಗುತ್ತೆ," ಎಂದರು ಮೇಡಂ, ಕೋಲ್ಡ್ ರೂಮಿನ ಬಾಗಿಲಲ್ಲೇ ನಿಂತು.

ಐಸ್‌ಕ್ರೀಮ್ ಫ್ಯಾಕ್ಟರಿ ಯಜಮಾನರ ಮುಖ ಇಳಿಯಿತು. ಆಸ್ಪತ್ರೆಯ ಶೀತಲ ಯಂತ್ರ ಬೆಳಿಗ್ಗೆ ಸುಟ್ಟುಹೋಗಿ, ಇಡೀ ಜಿಲ್ಲೆಯ ಮಕ್ಕಳಿಗೆ ಬಂದ ಗಂಟಲಮಾರಿ ಲಸಿಕೆ ಐಸ್ ಪೆಟ್ಟಿಗೆಗಳಲ್ಲಿ ಕೂತಿತ್ತು. ಸಂಜೆಯೊಳಗೆ ಜಾಗ ಸಿಗದಿದ್ದರೆ ಎಲ್ಲ ಚರಂಡಿಗೆ. ಸುದ್ದಿ ತಂದವಳು ಯಜಮಾನರ ಒಡಹುಟ್ಟಿದ ಅಕ್ಕ. ತಾಯಂದಿರ ಸಂಘ ಕಟ್ಟಿಕೊಂಡು ಮನೆಮನೆ ಅಲೆಯುವವಳು. ಮೇಡಂ, ದೇಶದೇಶಗಳು ಸೇರಿ ನಡೆಸುವ ಆರೋಗ್ಯ ಸಂಸ್ಥೆಯವರು.

"ಮತ್ತೆ ಎಷ್ಟಿರಬೇಕು?"

"ಮನೆ ಫ್ರಿಜ್‌ನಲ್ಲಿ ನೀರಿನ ಬಾಟಲಿ ಇರುತ್ತಲ್ಲ, ಅಷ್ಟು."

"ಅಷ್ಟು ಮಾಡಿದ್ರೆ ನನ್ನ ಮಾಲೆಲ್ಲ ನೀರಾಗುತ್ತೆ ಮೇಡಂ." ಯಜಮಾನರು ತಲೆ ಕೆರೆದುಕೊಂಡರು. "ಹೋಗಲಿ. ಲಸಿಕೆ ಹಾಕೋ ಕಡೆಯೆಲ್ಲ ನಮ್ಮ ಬೋರ್ಡ್ ಇರುತ್ತೆ ತಾನೆ?"

"ಇಲ್ಲ. ಬೋರ್ಡೂ ಇಲ್ಲ, ಫೋಟೋನೂ ಇಲ್ಲ. ನಿಮ್ಮ ಜಾಗ ತಗೋಬಹುದು, ನಿಮ್ಮ ಮಾಲು ಹೊಗಳೋ ಹಾಗಿಲ್ಲ. ತಾಯಂದಿರು ನಮ್ಮನ್ನ ಯಾರದೋ ವ್ಯಾಪಾರಕ್ಕೆ ಬಂದವರು ಅಂದ್ಕೋಬಾರದು."

ಅಕ್ಕ ನಕ್ಕಳು. "ಬಸ್‌ಸ್ಟ್ಯಾಂಡ್ ಬೆಂಚಿಗೂ ಸ್ಮಶಾನದ ಗೇಟಿಗೂ ಹೆಸರು ಬರೆಸಿದ ಮಹಾನುಭಾವ ಇವನು. ಹೆಸರಿಲ್ಲದಿದ್ರೆ ರಾತ್ರಿ ನಿದ್ದೆ ಬರಲ್ಲ."

"ನೀನು ಸುಮ್ನಿರಕ್ಕ. ಮೇಡಂ, ಹಾಗಾದ್ರೆ ನನಗೇನು ಸಿಗುತ್ತೆ?"

"ಏನೂ ಇಲ್ಲ," ಎಂದರು ಮೇಡಂ.

ಇಷ್ಟು ವರ್ಷದ ವ್ಯಾಪಾರದಲ್ಲಿ ಇಷ್ಟು ನೇರವಾಗಿ ಮಾತಾಡಿದವರನ್ನು ಯಜಮಾನರು ಕಂಡಿರಲಿಲ್ಲ. ಅಕ್ಕನ ಕಡೆ ನೋಡಿದರು. ಅವಳು ಈಗ ನಗುತ್ತಿರಲಿಲ್ಲ.

"ನಿನ್ನೆ ಒಂದು ಮನೆಗೆ ಹೋಗಿದ್ದೆ ಕಣೋ. ಮಗು ಬಾಯಲ್ಲಿ ನೀರಿಟ್ಕೊಂಡು ನುಂಗಕ್ಕಾಗದೆ ನನ್ನನ್ನೇ ನೋಡ್ತಿತ್ತು."

ಯಜಮಾನರು ಹೋಗಿ ಯಂತ್ರದ ಗುಂಡಿ ತಿರುಗಿಸಿದರು.

ಮಾಲು ಹೊರಗೆ ಬಂತು. ಲಸಿಕೆಗೂ ಇದಕ್ಕೂ ಸಂಬಂಧ ಬೇಡ ಎಂದು ಮೇಡಂ ಮತ್ತೊಮ್ಮೆ ಎಚ್ಚರಿಸಿದ್ದರಿಂದ, ಸಂಘದ ಹೆಂಗಸರು ಗೇಟಿನ ಬಳಿ ಕೂತು ಹೆಸರು ಅಚ್ಚಾಗಿದ್ದ ಹೊದಿಕೆಯನ್ನು ಒಂದೊಂದರಿಂದಲೂ ಬಿಚ್ಚಿ, ಹೋಗುವವರಿಗೆ ಬರುವವರಿಗೆ ಕೊಟ್ಟರು. ಪೊಲೀಸಿನವನು, ಪೋಸ್ಟಿನವನು, ಕೋಲೂರಿದ ಅಜ್ಜಿ, ಶಾಲೆ ಬಿಟ್ಟ ಮಕ್ಕಳು. ಸದಾ ಗದ್ದಲದ ಆ ಬೀದಿ, ಕರಗುವುದರೊಳಗೆ ತಿಂದು ಮುಗಿಸುವ ಆತುರದಲ್ಲಿ ಮಾತನ್ನೇ ಮರೆತಿತ್ತು. ಯಜಮಾನರ ಹೆಸರು ಕಸದ ಚೀಲಗಳಲ್ಲಿ ತುಂಬಿಹೋಯಿತು.

ಹೊತ್ತು ಮುಳುಗುವ ಮುಂಚೆ ಮೇಡಂ ಥರ್ಮಾಮೀಟರ್ ನೋಡಿ ತಲೆಯಾಡಿಸಿದರು. ಲಸಿಕೆ ಒಳಗೆ ಬಂತು. ಲಾರಿಗಟ್ಟಲೆ ಮಾಲು ಹಿಡಿಸುತ್ತಿದ್ದ ಆ ದೊಡ್ಡ ಕೋಣೆಯ ಒಂದೇ ಒಂದು ಮೂಲೆ, ಅದೂ ಸೊಂಟದೆತ್ತರಕ್ಕೆ, ತುಂಬಿತು.

"ಇಷ್ಟೇನಾ?" ಎಂದರು ಯಜಮಾನರು.

"ಇಷ್ಟೇ," ಎಂದರು ಮೇಡಂ. "ಜಿಲ್ಲೆಯ ಮಕ್ಕಳೆಲ್ಲ ಇದರೊಳಗಿದ್ದಾರೆ."

ಯಜಮಾನರು ಆ ಮೂಲೆಯನ್ನೇ ನೋಡುತ್ತ ಹೊರಗೆ ಬಂದರು. ಕಾಲಿನಿಂದ ಒದ್ದು ಹಾಕುವುದೇ ರೂಢಿಯಾಗಿದ್ದ ಆ ದಪ್ಪ ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಮುಚ್ಚಿದರು. ಆಮೇಲೆ, ಹೊರಗೆ ಜೋರಾಗಿ ಹರಟುತ್ತಿದ್ದ ಕೆಲಸಗಾರರ ಕಡೆ ತಿರುಗಿ, ತುಟಿಯ ಮೇಲೆ ಬೆರಳಿಟ್ಟರು.