ಫೋಟೋದಲ್ಲಿ ನಕ್ಕ ಅಮ್ಮ

ಹೊಸ ಆ್ಯಪ್ ಯಾವುದು ಬಂದರೂ ತುಮಕೂರಿನ ಸುಗುಣ ಮೊದಲು ತಾನು ಬಳಸಿ ನೋಡುತ್ತಿದ್ದಳು. ಚೆನ್ನಾಗಿದ್ದರೆ ಗೆಳತಿಯರ ಗ್ರೂಪಿಗೆ ಹಾಕುತ್ತಿದ್ದಳು...

ಮನೆ ಬಾಗಿಲಿಗೆ ಸೊಪ್ಪು ತರುವುದು, ಸೀರೆಯನ್ನು ಫೋಟೋದಲ್ಲೇ ಉಡಿಸಿ ತೋರಿಸುವುದು, ಡಾಕ್ಟರ ಚೀಟಿಯ ಅಕ್ಷರ ಓದಿ ಹೇಳುವುದು... ಅವಳ ಸೀರೆ ಫಾಲ್ ಅಂಗಡಿಗೆ ಬಂದವರು ಬಟ್ಟೆಯ ಜೊತೆಗೆ ಫೋನನ್ನೂ ಚಾಚಿ, ನಮಗೂ ಅದನ್ನು ಹಾಕಿಕೊಡಿ ಎನ್ನುತ್ತಿದ್ದರು.

ಈಚೆಗೆ ಒಂದು ಹೊಸ ವೆಬ್‌ಸೈಟ್ ಅವಳಿಗೆ ಬಹಳ ಹಿಡಿಸಿತ್ತು. ಎಂಥ ಫೋಟೋ ಹಾಕಿದರೂ ಮುಖದ ಕಲೆ ತೆಗೆದು, ನಗು ತರಿಸಿ ಕೊಡುತ್ತಿತ್ತು.

ಅದರ ಲಿಂಕನ್ನು ಅವಳು ಮೊದಲು ಕಳಿಸಿದ್ದು ಮಗಳು ನಮಿತಳಿಗೆ.

ನಮಿತ ಮದುವೆಯಾಗಿ ಅರಸೀಕೆರೆಗೆ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಮೊದಮೊದಲು ವಿಡಿಯೋ ಕಾಲ್ ಮಾಡುತ್ತಿದ್ದಳು. ಬರಬರುತ್ತ ಅದು ನಿಂತು, ಬರೀ ಫೋಟೋ ಬರತೊಡಗಿತು...

ಕೇಳಿದರೆ ನೆಟ್‌ವರ್ಕ್ ಸರಿಯಿಲ್ಲ ಎನ್ನುತ್ತಿದ್ದಳು. ಹಬ್ಬಕ್ಕೆ ಕರೆದರೆ ಗಂಡನಿಗೆ ರಜೆಯಿಲ್ಲ ಎನ್ನುತ್ತಿದ್ದಳು.

ಮಗಳು ಸುಖವಾಗಿದ್ದಾಳೋ ಇಲ್ಲವೋ... ಸುಗುಣಳ ಎದೆಯಲ್ಲಿ ಒಂದು ಮುಳ್ಳು ಆಡುತ್ತಲೇ ಇತ್ತು.

ಆದರೆ ಫೋಟೋದಲ್ಲಿ ಮುಖ ಬೆಣ್ಣೆಯಂತೆ ಹೊಳೆಯುತ್ತಿತ್ತು. ಅದನ್ನು ಕಂಡು ಸಮಾಧಾನ ತಂದುಕೊಂಡು, 'ಸೂಪರ್ ಮಗಳೇ' ಎಂದು ಕಳಿಸಿ, ಸುಗುಣ ಮತ್ತೆ ಹೊಲಿಗೆಗೆ ಕೂರುತ್ತಿದ್ದಳು.

ಹೀಗಿರುವಾಗ ಸುಗುಣಳ ಅಮ್ಮ ಗಿರಿಜಮ್ಮನ ವರ್ಷದ ಕಾರ್ಯ ಹತ್ತಿರ ಬಂತು.

ಗಿರಿಜಮ್ಮನದು ಇದ್ದದ್ದೇ ಒಂದು ಫೋಟೋ. ತುಟಿ ಬಿಗಿಹಿಡಿದ ಮುಖ. ಅಮ್ಮ ಬಾಯ್ತುಂಬ ನಕ್ಕಿದ್ದು ಸುಗುಣಳಿಗೆ ನೆನಪೇ ಇಲ್ಲ. ನಗು ಬಂದರೂ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಗೋಡೆ ಕಡೆ ತಿರುಗುತ್ತಿದ್ದಳು. ಅಮ್ಮನದು ಗಂಭೀರ ಸ್ವಭಾವ ಎಂದುಕೊಂಡೇ ಸುಗುಣ ಬೆಳೆದಿದ್ದಳು.

ಕಾರ್ಯದ ದಿನ ಹೂ ಹಾಕಿ ಇಡಲೆಂದು ಆ ಫೋಟೋವನ್ನು ವೆಬ್‌ಸೈಟಿಗೆ ಹಾಕಿದಳು.

ಸ್ಕ್ರೀನ್ ಸುತ್ತಿತು... ಸುತ್ತಿತು... ಆಮೇಲೆ ಅಮ್ಮನ ತುಟಿ ನಿಧಾನವಾಗಿ ಬಿರಿಯಿತು. ಒಳಗೆ ಮಲ್ಲಿಗೆ ಮೊಗ್ಗು ಜೋಡಿಸಿಟ್ಟಂಥ ಹಲ್ಲಿನ ಸಾಲು.

ಸುಗುಣ ಕಣ್ಣೊರೆಸಿಕೊಳ್ಳುತ್ತ ಪಕ್ಕದ ಬೀದಿಯ ದೊಡ್ಡಮ್ಮನ ಮನೆಗೆ ಓಡಿದಳು. ಪುಟ್ಟತಾಯಮ್ಮ, ಗಿರಿಜಮ್ಮನ ಒಡಹುಟ್ಟಿದ ಅಕ್ಕ.

ಮುದುಕಿ ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಮತ್ತೆ ಅದನ್ನು ಸುಗುಣಳ ಕೈಗೇ ತಳ್ಳಿದಳು.

"ಇದ್ಯಾರೇ?"

"ಅಮ್ಮ ಕಣ್ ದೊಡ್ಡಮ್ಮ. ಎಷ್ಟ್ ಚೆನ್ನಾಗ್ ನಗ್ತಾಳೆ ನೋಡು."

"ತೆಗಿ ಅದನ್ನ... ನಮ್ಮ್ ಗಿರಿಜಂಗೆ ಮುಂದಿನ್ ಹಲ್ಲೆಲ್ಲಿತ್ತೇ? ನೀನ್ ಹೊಟ್ಟೇಲಿದ್ದಾಗ್ಲೇ ನಿಮ್ಮಪ್ಪ ಉದುರ್ಸಿದ್ದ."



ದೊಡ್ಡಮ್ಮ ತಲೆ ತಗ್ಗಿಸಿಕೊಂಡೇ ಉಳಿದದ್ದನ್ನು ಹೇಳಿದಳು. ಆ ಸಲ ಗಿರಿಜ ತವರಿಗೆ ಬಂದಾಗ ಬಾಯಿ ಊದಿಕೊಂಡಿತ್ತಂತೆ. ಅವರಮ್ಮ ಮೆತ್ತಗೆ ಅನ್ನ ಕಲಸಿ ಉಣಿಸಿ, ತಲೆ ಬಾಚಿ ಹೂವು ಮುಡಿಸಿ, ವಾಪಸ್ ಕಳಿಸಿಕೊಟ್ಟರಂತೆ. ಏನಾಯಿತೆಂದು ಮನೆಯಲ್ಲಿ ಯಾರೂ ಕೇಳಲಿಲ್ಲವಂತೆ.

"ಯಾಕ್ ಕೇಳ್ಲಿಲ್ಲ ದೊಡ್ಡಮ್ಮ?"

"ಕೇಳಿದ್ರೆ ವಾಪಸ್ ಕಳ್ಸಕ್ಕಾಗ್ತಿರ್ಲಿಲ್ಲ ಕಣೆ... ಅದಕ್ಕೇ ಕೇಳ್ಲಿಲ್ಲ."

ಅಷ್ಟರಲ್ಲಿ ಸುಗುಣಳ ಕೈಯಲ್ಲಿದ್ದ ಫೋನ್ ಸದ್ದು ಮಾಡಿತು. ನಮಿತಳ ಫೋಟೋ.

ಸುಗುಣ ನೋಡಿದಳು... ಅದೇ ನಗು. ಅಮ್ಮನಿಗೆ ಬಂದಿದ್ದ ಅದೇ ಮಲ್ಲಿಗೆ ಮೊಗ್ಗಿನ ಹಲ್ಲು.

ನಮಿತಳಿಗೆ ಮೇಲಿನ ಒಂದು ಹಲ್ಲು ಪಕ್ಕದ ಹಲ್ಲಿನ ಮೇಲೆ ಹತ್ತಿ ಕೂತಿತ್ತು. ಚಿಕ್ಕಂದಿನಿಂದ ಮುತ್ತಿಟ್ಟ ಮುಖ. ಆ ಹಲ್ಲು ಫೋಟೋದಲ್ಲಿ ಇಲ್ಲವೆಂಬುದು ಇಷ್ಟು ದಿನ ಹೆತ್ತವಳ ಕಣ್ಣಿಗೇ ಬಿದ್ದಿರಲಿಲ್ಲ.

ವಿಡಿಯೋ ಕಾಲ್ ಮಾಡಿದಳು. ಕಟ್ ಆಯಿತು. ಮತ್ತೆ ಮಾಡಿದಳು. ಮತ್ತೆ ಕಟ್.

ಬಳಿಕ ಒಂದು ಮೆಸೇಜ್. 'ಕೆಲಸ ಇದೆ ಅಮ್ಮ, ಚೆನ್ನಾಗಿದೀನಿ.' ಅದರ ಕೆಳಗೆ ಇನ್ನೊಂದು ನಗು...

ಸುಗುಣ ಅಂಗಡಿಗೆ ಬೀಗವನ್ನೂ ಹಾಕದೆ ಸ್ಟೇಷನ್ನಿಗೆ ಹೋಗಿ ಸಿಕ್ಕಿದ ರೈಲು ಹತ್ತಿದಳು.

ಅರಸೀಕೆರೆಯ ಮನೆಯಲ್ಲಿ ಬಾಗಿಲು ತೆಗೆದದ್ದು ಬೀಗಿತಿ. "ಹೇಳ್ದೆ ಕೇಳ್ದೆ ಬಂದ್ಬಿಟ್ರಲ್ಲ" ಎಂದು ನಕ್ಕರು. ಸೊಸೆಗೆ ತಲೆನೋವು, ಮಲಗಿದ್ದಾಳೆ, ಎಬ್ಬಿಸುವುದು ಬೇಡ, ಕಾಫಿ ಕುಡಿಯಿರಿ ಎಂದರು. ಬಾಗಿಲಿಂದ ಪಕ್ಕಕ್ಕೆ ಮಾತ್ರ ಸರಿಯಲಿಲ್ಲ.

ಸುಗುಣ ಅವರನ್ನು ದಾಟಿಕೊಂಡು ಒಳಗೆ ಹೋದಳು.

ನಮಿತ ಮಲಗಿರಲಿಲ್ಲ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ಅಮ್ಮನ ದನಿಗೆ ಬಹಳ ಹೊತ್ತಿನ ಮೇಲೆ ತಿರುಗಿದಳು.

ಒಂದು ಕೆನ್ನೆ ನೀಲಿಗಟ್ಟಿ ಊದಿತ್ತು. ಕಣ್ಣಿನ ಕೆಳಗೆ ಹಳೆಯ ಪೆಟ್ಟೊಂದು ಹಳದಿಗೆ ತಿರುಗುತ್ತಿತ್ತು.

"ಯಾಕ್ ಮಗಳೇ ನಂಗ್ ಹೇಳ್ಲಿಲ್ಲ?"

ನಮಿತ ಅಳಲಿಲ್ಲ. ಯಾರದ್ದೋ ಮನೆಯ ಸುದ್ದಿ ಹೇಳುವಂತೆ ಹೇಳಿದಳು.

"ಮೊದಲ್ನೇ ಸಲ ಕೆನ್ನೆ ಊದಿದಾಗ ಹಂಗೇ ಫೋಟೋ ತೆಗ್ದು ಕಳ್ಸಿದ್ದೆ ಅಮ್ಮ. ನೀನ್ ಕೇಳ್ತೀಯ ಅಂತ... ಮುಖ ಯಾಕೋ ಚೆನ್ನಾಗ್ ಬಂದಿಲ್ಲ, ಇದ್ರಲ್ಲಿ ಹಾಕು ಅಂತ ನೀನು ಆ ಲಿಂಕ್ ಕಳ್ಸಿದೆ."

ಸುಗುಣ ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. ಕಣ್ಣೀರು ಆ ನೀಲಿ ಕೆನ್ನೆಯ ಮೇಲೆ ಬಿತ್ತು...

ಹೊರಗೆ ಬೈಕ್ ಬಂದು ನಿಂತ ಸದ್ದು.

ನಮಿತಳ ಮೈ ತನ್ನಷ್ಟಕ್ಕೆ ತಾನೇ ಮುದುರಿಕೊಂಡಿತು. ನಡುಮನೆಯಿಂದ ಬೀಗಿತಿ ಮೆಲ್ಲಗೆ, "ಅವ್ನು ಬಂದ" ಎಂದರು.

ಗೇಟಿನ ಚಿಲಕ ತೆಗೆದ ಸದ್ದು. ಮೆಟ್ಟಿಲ ಮೇಲೆ ಬೂಟಿನ ಸದ್ದು...

ಸುಗುಣ ಎದ್ದಳು. ಮಗಳ ಕೈ ಹಿಡಿದು ಎಬ್ಬಿಸಿ, ಅವಳನ್ನು ತನ್ನ ಬೆನ್ನ ಹಿಂದೆ ನಿಲ್ಲಿಸಿಕೊಂಡಳು.

"ಚಪ್ಪಲಿ ಹಾಕ್ಕೊ ಮಗ. ಮನೇಗ್ ಹೋಗಣ."

ಎಂದು ಬಾಗಿಲ ಕಡೆಗೇ ನಡೆದಳು.


*ನಗುವ ಫೋಟೋ ಬಂತೆಂದು ನೆಮ್ಮದಿಯಾಗಬೇಡಿ... ಕೇಳಲು ಭಯವಾಗುವ ಪ್ರಶ್ನೆಯನ್ನೇ ಮೊದಲು ಕೇಳಿ.*

ನಿಮ್ಮ ಮನೆಯ ಹೆಣ್ಣುಮಗಳ ಮುಖವನ್ನು ನೀವು ಎದುರು ಕೂತು, ಕಣ್ಣಾರೆ ನೋಡಿ ಎಷ್ಟು ಕಾಲವಾಯಿತು?