ದುಂಡು ದೋಸೆಯ ಟೈರು

ಹಳೆಯ ಮಿನಿಬಸ್ಸನ್ನೇ ಮನೆ ಮಾಡಿಕೊಂಡು ಊರೂರು ಸುತ್ತುತ್ತಿದ್ದ ಸಂಸಾರ ಅದು. ಅಂದು ಬೆಳಿಗ್ಗೆಯೂ ಹೆಂಡತಿ ಹುಯ್ದ ದೋಸೆ ಹಿಟ್ಟು ಕಾವಲಿಯ ಒಂದೇ ಬದಿಗೆ ಹರಿಯಿತು. ಅವಳು ಒಲೆ ಆರಿಸಿಬಿಟ್ಟಳು.

"ರೀ, ಟೈರು ಸವೆದು ಮನೆ ವಾಲಿದೆ. ಬದಲಾಯಿಸೋವರೆಗೂ ಉಪ್ಪಿಟ್ಟೇ ಗತಿ."

ಉಪ್ಪಿಟ್ಟೆಂದರೆ ಆಗದ ಗಂಡ ಬಸ್ಸನ್ನು ನೇರ ಟೈರಂಗಡಿಗೆ ಓಡಿಸಿದ.

"ಎಂಥದ್ದು ಕೊಡ್ಲಿ ಅಕ್ಕಾ?" ಅಂಗಡಿಯವನು ಕೇಳಿದ.

"ದೋಸೆ ದುಂಡಗೆ ಬರೋವಂಥದ್ದು ಕೊಡಪ್ಪಾ."

ಗಂಡ ಒಂದೊಂದನ್ನೂ ತಟ್ಟಿ, ಒತ್ತಿ, ಮೂಸಿ ಆರಿಸಿದ. ಎಲ್ಲ ಚಕ್ರಗಳಿಗೂ ಹೊಸ ಟೈರು ಬಂತು. ಅಲ್ಲೇ ಒಲೆ ಹಚ್ಚಿ ಅವಳು ದೋಸೆ ಹುಯ್ದಳು. ಹಿಟ್ಟು ಮತ್ತೆ ಅದೇ ಬದಿಗೆ ಹರಿಯಿತು.

"ರಸ್ತೆನೇ ವಾಲಿದೆ ಕಣೇ!" ಎಂದ ಗಂಡ.

ಮೊನ್ನೆಯಿಂದ ಬಾಯಿ ಬಿಗಿದುಕೊಂಡಿದ್ದ ಮಗಳು ಮೆಲ್ಲಗೆ ಅಮ್ಮನ ಸೆರಗು ಎಳೆದಳು.

"ಅಮ್ಮಾ, ಕೈಜಾರಿ ಬಿದ್ರೆ ಕಾವಲಿ ಸೊಟ್ಟಗಾಗುತ್ತಾ?"