ಅಮಾವಾಸ್ಯೆಯ ಸಂಚಕಾರ

ಕಾಗೆ ಗುಬ್ಬಚ್ಚಿಗಳು ಮಾತಾಡುತ್ತಿದ್ದ ಕಾಲ ಕಳೆದು, ಅಮೃತಹಳ್ಳಿಯ ಕಡೆಗೂ ಸಿಟಿ ಬಸ್ಸು ಬರತೊಡಗಿದ ಕಾಲದಲ್ಲಿ, ಅಲ್ಲಿಯ ಕೆರೆಯ ದಂಡೆಯ ಮೇಲೆ ಹೆಂಚಿನ ಮನೆಗಳ ಒಂದು ಸಾಲಿತ್ತು. ಎರಡು ಮನೆಗಳ ನಡುವೆ ಒಂದೇ ಗೋಡೆ. ಒಂದು ಗೋಡೆಯ ಈಚೆ ಬದರುನ್ನೀಸಾ, ಆಚೆ ಅವಳ ಅಕ್ಕ ಜೈಬುನ್ನೀಸಾ. ಕಥೆ ಅಂದಮೇಲೆ ರಾಕ್ಷಸನೂ ಬೇಕಲ್ಲ, ಅವನು ಕಂಟ್ರಾಕ್ಟರ್ ಕಾಡಪ್ಪ. ಅವನಿಗೆ ಕೋರೆಹಲ್ಲಿರಲಿಲ್ಲ, ಜೇಬಿನಲ್ಲಿ ಅಳತೆ ಟೇಪಿತ್ತು. ಸಾಲಿನಲ್ಲಿ ಒಂದು ಮನೆ ಸಿಕ್ಕಿದರೂ ಕೆಡವಿ ಮಹಡಿ ಮೇಲೆ ಮಹಡಿ ಎಬ್ಬಿಸುವ ಆಸೆ ಅವನದು.

ಗಂಡ ನೂರುಲ್ಲಾ ತೀರಿಕೊಂಡ ಮೇಲೆ ಬದರುನ್ನೀಸಾ ಮಗಳು ದಿಲ್ಶಾದಳನ್ನು ಕರೆದುಕೊಂಡು ಯಶವಂತಪುರದ ತಮ್ಮನ ಮನೆ ಸೇರುವುದೆಂದು ಮನೆ ಮಾರಾಟಕ್ಕಿಟ್ಟಳು. "ವಾಸಕ್ಕೆ ಬರೋರಿಗೇ ಕೊಡ್ತೀನಿ ಆಪಾ, ಕೆಡವೋರಿಗೆ ಕೊಡಲ್ಲ" ಎಂದು ಅಕ್ಕನಿಗೆ ಮಾತು ಕೊಟ್ಟಳು. "ಕೊಟ್ಟರೆ ನನ್ನ ಮನೆಗೆ ಮೂರೇ ಗೋಡೆ ನೋಡು" ಎಂದು ಜೈಬುನ್ನೀಸಾ ನಕ್ಕಳು. ಕಾಡಪ್ಪನ ಆಳುಗಳು ಮಾತ್ರ ಆಗಾಗ ಬಾಗಿಲಿಗೆ ಬಂದು, "ವಯಸ್ಸಿಗೆ ಬಂದ ಹುಡುಗಿ ಇದ್ದಾಳಲ್ಲಮ್ಮ, ಸುಮ್ನೆ ಯಾಕೆ..." ಎಂದು ಮಾತನ್ನು ಅರ್ಧಕ್ಕೇ ಬಿಟ್ಟು ಹೋಗುತ್ತಿದ್ದರು.

ಒಂದು ಭಾನುವಾರ ಗದಗಿನ ಕಡೆಯ ವೀರಬಸಪ್ಪ, ಅವನ ಹೆಂಡತಿ ನಿಂಗವ್ವ ಮನೆ ನೋಡಲು ಬಂದರು. ಅವನಿಗೆ ಇಲ್ಲೇ ಫ್ಯಾಕ್ಟರಿಯಲ್ಲಿ ಕೆಲಸ. ನಿಂಗವ್ವ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡಿದಳು, ಕಿಟಕಿಯಿಂದ ಕೆರೆ ನೋಡಿದಳು, ಗೋಡೆಗೆ ಅಂಗೈ ಒತ್ತಿದಳು.

"ತಂಪ ಐತ್ರಿ ಅಕ್ಕಾರ ನಿಮ್ಮ ಮನಿ. ಇನ್ನ ನಾ ಇಲ್ಲಿಂದ ಏಳೂದಿಲ್ಲ ನೋಡ್ರಿ."

"ಎದ್ದೇಳ ಮಾರಾಯ್ತಿ, ಅವರಿನ್ನೂ ಹೂಂ ಅಂದಿಲ್ಲ" ಎಂದ ವೀರಬಸಪ್ಪ. ಬದರುನ್ನೀಸಾಳಿಗೂ ನಗು ಬಂತು. ಹೇಳಿದ ಬೆಲೆಗೆ ಅವನು ಚೌಕಾಸಿ ಮಾಡಲಿಲ್ಲ. ಚಪ್ಪಲಿ ಮೆಟ್ಟಿಕೊಳ್ಳುತ್ತಾ ಕೈಮುಗಿದು ಹೇಳಿದ: "ಬರೂ ಅಮಾಸಿಗೆ ಬಂದು ಸಂಚಕಾರ ಕೊಡ್ತೀವ್ರಿ."

ಒಳಗಿಂದ ಚಹಾ ತರುತ್ತಿದ್ದ ದಿಲ್ಶಾದ್ ನಿಂತಲ್ಲೇ ನಿಂತಳು.

"ಏನಂದ್ರಿ?" ಎಂದಳು ಬದರುನ್ನೀಸಾ.

"ಸಂಚಕಾರ್ರಿ. ಅದನ್ನ ಕೊಡಲಾರ್ದ ಮನಿ ನಮ್ದು ಹೆಂಗ ಆಕ್ಕೈತ್ರಿ?" ವೀರಬಸಪ್ಪ ನಗುನಗುತ್ತಲೇ ಹೇಳಿದ. "ಅಲ್ಲೀತನಕ ಮತ್ಯಾರಿಗೂ ಮಾತ ಕೊಡಬ್ಯಾಡ್ರಿ."

ಅವರು ಏರಿಯ ತಿರುವು ದಾಟುವ ಮೊದಲೇ ಬದರುನ್ನೀಸಾ ಅಕ್ಕನ ಅಡುಗೆಮನೆಯಲ್ಲಿದ್ದಳು. "ಜೀವಕ್ಕೆ ಸಂಚಕಾರ ತರ್ತೀವಿ ಅಂತ ಮುಖ ನೋಡ್ಕೊಂಡೇ ಹೇಳಿದ ಆಪಾ. ಅದೂ ಅಮಾವಾಸ್ಯೆ ದಿನಾನೇ ಬರ್ತಾರಂತೆ. ಕಾಡಪ್ಪ ಈಗ ಹೆಂಗಸರನ್ನೂ ಕಳಿಸ್ತಿದ್ದಾನೆ."

"ಅವನ ಹೆಂಡ್ತಿ ಮುಖ ನೋಡಿದ್ರೆ ಹಂಗನ್ನಿಸಲಿಲ್ಲ. ಕಿಟಕೀಲಿ ನೋಡ್ದೆ."

"ನಕ್ಕೊಂಡು ಹೇಳ್ತಾರೆ ಆಪಾ. ಬೈದಿದ್ರೆ ಇಷ್ಟು ಭಯ ಆಗ್ತಿರಲಿಲ್ಲ."

ಜೈಬುನ್ನೀಸಾ ನಡುಗೋಡೆಯ ಕಡೆ ನೋಡಿದಳು. ಆಮೇಲೆ, "ಕೊಟ್ಬಿಡು ಕಾಡಪ್ಪಂಗೆ. ದಿಲ್ಶಾದ್‌ಗಿಂತ ನನ್ನ ಗೋಡೆ ದೊಡ್ಡದಾ?" ಎಂದಳು.

ಅದೇ ವಾರ ಬದರುನ್ನೀಸಾ ಕಾಡಪ್ಪನ ಕಾಗದಕ್ಕೆ ರುಜು ಹಾಕಿದಳು. "ನಿಮ್ಮ ಜನಾನ ಇನ್ನು ಕಳಿಸ್ಬೇಡಿ, ಆ ಗಂಡ ಹೆಂಡ್ತೀನೂ ಅಷ್ಟೆ" ಎಂದಾಗ ಕಾಡಪ್ಪನಿಗೆ ಯಾವ ಗಂಡ ಹೆಂಡತಿ ಎಂದು ತಿಳಿಯಲಿಲ್ಲ. ಆದರೂ, "ಆಯ್ತು ಬಿಡಿ, ನಾನು ಹೇಳ್ತೀನಿ" ಎಂದ.

ಅಮಾವಾಸ್ಯೆಯ ದಿನ ಆಳುಗಳು ಮನೆಯ ಮೇಲೆ ಹತ್ತಿ ಹೆಂಚು ಇಳಿಸುತ್ತಿದ್ದರು. ಉಳಿದ ಪಾತ್ರೆಗಳನ್ನು ಗೋಣಿಗೆ ತುಂಬುತ್ತಿದ್ದ ಬದರುನ್ನೀಸಾ ತಲೆಯೆತ್ತಿದರೆ, ಅಂಗಳದಲ್ಲಿ ವೀರಬಸಪ್ಪ ಮತ್ತು ನಿಂಗವ್ವ. ನಿಂಗವ್ವ ಇಳಕಲ್ ಸೀರೆ ಉಟ್ಟು ಹೂ ಮುಡಿದಿದ್ದಳು. ಬದರುನ್ನೀಸಾ ಮಗಳನ್ನು ಬೆನ್ನ ಹಿಂದಕ್ಕೆ ತಳ್ಳಿ ಅಡ್ಡ ನಿಂತಳು.

"ಕೊಟ್ಟಾಯ್ತಲ್ಲ ಮನೇನ. ಇನ್ನೇನು ಬೇಕು ನಿಮ್ಗೆ?"

ನಿಂಗವ್ವನಿಗೆ ಅರ್ಥವಾಗಲಿಲ್ಲ. ಕೈಯಲ್ಲಿದ್ದ ತಟ್ಟೆಯ ಮೇಲಿನ ವಸ್ತ್ರ ಸರಿಸಿ ಮುಂದೆ ಹಿಡಿದಳು. ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆ, ಎಲೆಯ ಮೇಲೆ ಮಡಿಸಿಟ್ಟ ನೋಟುಗಳು. "ಸಂಚಕಾರ ತಂದೀವ್ರಿ ಅಕ್ಕಾರ. ನಮ್ಮ ಕಡೆ ಅಮಾಸಿ ಅಂದ್ರ ಭಾಳ ಚಲೋ ದಿನಾರಿ."

ಬದರುನ್ನೀಸಾ ತಟ್ಟೆಯನ್ನು ನೋಡಿದಳು.

"ಇದು... ಬಯಾನಾ. ಮುಂಗಡ."

"ಹೂನ್ರಿ, ಅದ. ನಾವು ಸಂಚಕಾರ ಅಂತೀವ್ರಿ" ಎಂದ ವೀರಬಸಪ್ಪ, ಮಾಡಿನ ಕಡೆ ನೋಡುತ್ತಾ. "ಹೆಂಚ ಯಾಕ ತಗಸಾಕತ್ತೀರಿ? ಸೋರತಿತ್ತೇನ್ರಿ? ನಾವ ಮಾಡಸ್ತಿದ್ವಲ್ರಿ."

ನಿಂಗವ್ವ ಹಿಡಿದ ತಟ್ಟೆಯನ್ನು ಇಳಿಸಲಿಲ್ಲ, ಬದರುನ್ನೀಸಾಳ ಕೈ ಮೇಲೇಳಲಿಲ್ಲ. "ಇವತ್ತು ಹೆಂಚು, ತೊಲೆ ಅಷ್ಟೇ ಇಳಿಸ್ತೀವಿ ಅಂತ ಸಾಹುಕಾರ್ರಿಗೆ ಹೇಳಿದ್ದೀವಿ, ಸ್ವಲ್ಪ ಆಚೆ ಸರಿಯಿರಮ್ಮ" ಎಂದು ಮೇಸ್ತ್ರಿ ಮೇಲಿಂದ ಕೂಗಿದ.

ತೊಲೆಯ ತುದಿ ನಡುಗೋಡೆಯೊಳಗೆ ಕೂತಿತ್ತು. ಹಗ್ಗ ಕಟ್ಟಿ ಎಳೆದಾಗ ಬರಲಿಲ್ಲ. ಇನ್ನೊಮ್ಮೆ ಎಳೆದಾಗ ಬಂತು, ಗೋಡೆಯನ್ನೂ ಕರೆದುಕೊಂಡು ಬಂತು. ಧೂಳು ಇಳಿಯುವ ತನಕ ಏನೂ ಕಾಣಲಿಲ್ಲ. ಇಳಿದಾಗ ಆಚೆ ಒಲೆ ಉರಿಯುತ್ತಿತ್ತು. ಹಿಟ್ಟು ನಾದುತ್ತ ಕೂತಿದ್ದ ಜೈಬುನ್ನೀಸಾ ತಂಗಿಯ ತೆರೆದ ಬಾಗಿಲಿನಾಚೆ ಬೀದಿಯನ್ನೂ ಬೀದಿಯಲ್ಲಿ ನಿಂತ ಗಂಡಸರನ್ನೂ ಒಮ್ಮೆ ನೋಡಿದಳು. ಆಮೇಲೆ, ತನ್ನದೇ ಅಡುಗೆಮನೆಯಲ್ಲಿ, ಹಿಟ್ಟಿನ ಕೈಯಿಂದಲೇ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.